ಹೊಲಿದಿಟ್ಟ ಕೊನೆಯ ಪುಟಗಳು

ಅಜ್ಜಂಪುರದ ನಮ್ಮ ವಾಚನಾಲಯದ ಗ್ರಂಥಪಾಲಕಿ ಪತ್ತೇದಾರಿ ಕಾದಂಬರಿಗಳ ಕೊನೆಯ ಪುಟಗಳನ್ನು ದಾರದಿಂದ ಹೊಲಿದಿಡುತ್ತಿದ್ದರು. ಅಲ್ಲಿಯವರೆಗೆ ಓದಿ ಬಂದವರಿಗೆ ಮಾತ್ರ ಅವರ ಕತ್ತರಿ ದೊರೆಯುತ್ತಿತ್ತು. "ಕೊನೆ ಕದಿಯಂಗಿಲ್ಲ ಕಣ್ರೀ" ಎಂಬುದು ಅವರ ನಿತ್ಯದ ಮಾತು.

ಒಂದು ಮಧ್ಯಾಹ್ನ ನಾನು ಪುರಾಣವೊಂದನ್ನು ಓದುತ್ತ ಕುಳಿತಿದ್ದಾಗ, ನೆರೆಯ ಹೆಣ್ಣುಮಗಳೊಬ್ಬಳು ಅರ್ಧ ಓದಿದ ಕಾದಂಬರಿಯನ್ನು ಹಿಡಿದು ಬಂದಳು.

"ಇದ್ರಲ್ಲಿರೋ ಗಂಡನಂಗೇ ನನ್ನೋನೂ ತರೀಕೆರೇಲಿ ಇನ್ನೊಂದು ಸಂಸಾರ ಇಟ್ಟವ್ನೆ. ಕೊನೇಲಿ ಅವನ ಹೆಂಡ್ತಿ ಏನ್ ಮಾಡ್ತಾಳೆ, ಹೇಳಕ್ಕಾ" ಎಂದಳು.

"ವಿಷ ಹಾಕ್ತಾಳೆ ಕಣೇ. ಅದು ನಿನಗೆ ಬ್ಯಾಡ. ನಡಿ, ಕಡೂರಿನ ಬಸ್ಸು ಬರೋ ಹೊತ್ತು, ವಕೀಲರನ್ನ ನೋಡೋಣ" ಎಂದ ಗ್ರಂಥಪಾಲಕಿ, ಕೀಲಿಕೈಯನ್ನು ನನಗೊಪ್ಪಿಸಿ ಅವಳೊಡನೆ ಹೊರಟರು.

ಆ ಸಂಜೆ ಬಂದವರಿಗೆಲ್ಲ, ಅಮ್ಮನವರು ಕರ್ತವ್ಯದ ಮೇಲೆ ಹೋಗಿದ್ದಾರೆಂದು ನಾನು ಹೆಮ್ಮೆಯಿಂದ ಹೇಳಿದೆ.