ಪೆಟ್ಟಿಗೆಯವನು ಉಂಡ ಜಾಗ

ಕಾಜಾ ಅಕ್ಕನಿಗೆ ಮಗಳ ಮದುವೆಯಲ್ಲಿ ಅರ್ಥವಾಗದೆ ಉಳಿದದ್ದು ಒಂದೇ, ಹನಿಮೂನು. ಮದುವೆ ಅರ್ಥವಾಗಿತ್ತು. ಕಚೇರಿಯಲ್ಲಿ ಸಹಿ ಹಾಕಿದರು, ಫೋಟೊ ತೆಗೆಸಿಕೊಂಡರು, ಬಂದವರು ಉಂಡು ಹೋದರು. ಅಲ್ಲಿಗೆ ಮುಗಿಯಬೇಕಲ್ಲ. ಒಂದೇ ಮನೆಯಲ್ಲಿರಲಿ ಎಂದು ಮದುವೆ ಮಾಡಿದ ಮೇಲೆ ಆ ಮನೆ ಬಿಟ್ಟು ಇನ್ನೆಲ್ಲಿಗೋ ಹೋಗುವುದು ಯಾಕೆ?

ಅವಳು ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಅಂಗಿ, ಕೋಟುಗಳಲ್ಲಿ ಗುಂಡಿ ತೂರುವ ಕಿಂಡಿಗೆ ಸುತ್ತ ದಾರ ಹಾಕುವ ಕೆಲಸ. ಬಟ್ಟೆ ಕತ್ತರಿಸುವವರು ಮಾಸ್ಟರು, ಹೊಲಿಯುವವರು ಬೇರೆ, ಇವಳದು ಕೊನೆಯ ಕೈ. ಗಂಡ ಪೆಟ್ಟಿಗೆಯವನು. ಒಂದು ವಾದ್ಯತಂಡದ ವ್ಯಾನು ಓಡಿಸುತ್ತಿದ್ದ, ಸ್ಪೀಕರ್ ಪೆಟ್ಟಿಗೆಗಳನ್ನು ಇಳಿಸಿ ಏರಿಸುತ್ತಿದ್ದ. ಹೋದ ವರ್ಷ ಒಂದು ಪೆಟ್ಟಿಗೆ ಕೆಳಗಿಟ್ಟು, "ಸ್ವಲ್ಪ ಕೂತ್ಕೋತೀನಿ" ಅಂದವನು ಮತ್ತೆ ಏಳಲಿಲ್ಲ. ಅಷ್ಟೇ. ಅದರ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ.

ಚಳಿಗಾಲ ಬಂತೆಂದರೆ ತಂಡಕ್ಕೆ ನಗರದಲ್ಲಿ ಕೆಲಸ. ಅವನು ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದ ದಿನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡುತ್ತಿದ್ದ.

"ಮೀನಿನ ಸಾರು ಅಂದ್ರೆ ಅಲ್ಲೀದು ಕಣೇ. ದೊಡ್ಡ ಗಡಿಯಾರದ ಎದುರಿಗಿರೋ ಹೋಟ್ಲು. ಕಬ್ಬಿಣದ ಮೆಟ್ಟಿಲ ಮೇಲೆ ಕೂತ್ಕೋಬೇಕು, ಪಕ್ಕದಲ್ಲೊಂದು ನೀಲಿ ಪೀಪಾಯಿ. ಅಡುಗೆಯವಳೇ ಬಂದು ಬೋಗುಣಿಗೆ ಹಾಕ್ತಾಳೆ. ಆಮೇಲೆ ಹಾಡು. ಪಿಟೀಲಿನವನ ಕತ್ತಿನ ಹಿಂದೊಂದು ಮಚ್ಚೆ ಇದೆ ನೋಡು, ತಾಳಕ್ಕೆ ಸರಿಯಾಗಿ ಕುಣಿಯುತ್ತೆ."

ಆಮೇಲೆ ಆ ಹಾಡನ್ನೂ ಹಾಡುತ್ತಿದ್ದ. ಪದ ಇಲ್ಲ, ಬರೀ ಧಾಟಿ. ಕಾಜಾ ಅಕ್ಕ ನಗರ ನೋಡಿದವಳಲ್ಲ. ಆ ಊರಲ್ಲಿ ಜನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾರೆ, ವಾದ್ಯದವರು ಬೆನ್ನು ತೋರಿಸಿಕೊಂಡು ನುಡಿಸುತ್ತಾರೆ ಎಂದುಕೊಂಡಿದ್ದಳು. ಊರಿಗೊಂದು ರೀತಿ, ನಮಗೇನು?

ಅಳಿಯ ಲಿಫ್ಟ್ ರಿಪೇರಿಯವನು. ಮಾತು ಕಡಿಮೆ. ಒಂದು ಭಾನುವಾರ ಊಟವಾದ ಮೇಲೆ ಫೋನು ಹಿಡಿದುಕೊಂಡು ಅಡುಗೆಮನೆಗೇ ಬಂದ.

"ಅತ್ತೆ, ನಾವು ನಗರಕ್ಕೆ ಹೋಗ್ಬರೋಣ ಅಂತಿದೀವಿ. ಬೆಟ್ಟ, ಸಮುದ್ರ ಯಾವುದೂ ಬೇಡ್ವಂತೆ ಇವಳಿಗೆ. ಅಲ್ಲಿಯವರು ಉಣ್ಣೋದನ್ನ ಉಣ್ಬೇಕಂತೆ, ಸಂಜೆ ಎದುರಿಗೆ ಕೂತು ಹಾಡು ಕೇಳ್ಬೇಕಂತೆ."

"ಹೋಗ್ಬನ್ನಿ. ನನ್ನನ್ಯಾಕೆ ಕೇಳ್ತೀರಿ?"

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪ ಹೇಳ್ತಿದ್ರಲ್ಲಮ್ಮ, ಆ ಜಾಗಕ್ಕೇ ಹೋಗ್ಬೇಕು. ನಂಗೆ ಅರ್ಧಂಬರ್ಧ ನೆನಪು. ನಿಂಗೆ ಪೂರ್ತಿ ಗೊತ್ತು."

ಗಂಡ ಸತ್ತ ಮೇಲೆ ಅವನು ಹೇಗೆ ಸತ್ತ ಎಂದು ಎಲ್ಲರೂ ಕೇಳಿದ್ದರು. ಅವನು ಏನು ಹೇಳುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ. ಕಾಜಾ ಅಕ್ಕ ಕೈ ಒರೆಸಿಕೊಂಡು ಕೂತು ಎಲ್ಲ ಹೇಳಿದಳು. ಅಳಿಯ ಫೋನಿನಲ್ಲಿ ಬೆರಳಾಡಿಸುತ್ತ ಹೋದ. ಹೋಗ್ತಾ ಹೋಗ್ತಾ ಅವನ ಹುಬ್ಬು ಗಂಟಾಯಿತು.

"ಅತ್ತೆ, ಗಡಿಯಾರದ ಎದುರಿಗಿರೋ ಹೋಟ್ಲು ಇದೇನೇ. ಆದ್ರೆ ಕಬ್ಬಿಣದ ಮೆಟ್ಟಿಲಿಲ್ಲ. ಅಮೃತಶಿಲೆ ಇದೆ."

"ಪೀಪಾಯಿ?"

"ಪೀಪಾಯಿನೂ ಇಲ್ಲ. ಹೂಕುಂಡ ಇದೆ."

"ಮೀನಿನ ಸಾರು?"

"ಹುರಿದದ್ದಿದೆ, ಬೇಯಿಸಿದ್ದಿದೆ. ಸಾರಿಲ್ಲ." ಫೋಟೊ ತೋರಿಸಿದ. ವಾದ್ಯದವರು ಸಾಲಾಗಿ ಕೂತು ಹಲ್ಲು ಬಿಡುತ್ತಿದ್ದರು.

"ಇವರೇನು, ಮುಖ ತೋರಿಸ್ಕೊಂಡು ಕೂತಿದಾರೆ?"

"ಮತ್ತೆ ಹೇಗೆ ಕೂರ್ತಾರೆ ಅತ್ತೆ?"

ಬೇರೆ ಗಡಿಯಾರ ಇರಬೇಕು ಎಂದಳು ಮಗಳು. ಹುಡುಕಿದರು. ಆ ನಗರಕ್ಕೆ ದೊಡ್ಡ ಗಡಿಯಾರ ಇದ್ದದ್ದು ಒಂದೇ. ತಂಡದವರನ್ನು ಕೇಳೋಣವೆಂದರೆ ತಂಡ ಒಡೆದು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದಿದ್ದರು.

ಗಂಡನ ತಂಗಿಯದು ಪಕ್ಕದ ಬೀದಿಯಲ್ಲಿ ಹಾಲಿನ ಅಂಗಡಿ. ಹಾಲು ಅಳೆಯುತ್ತ ಎಲ್ಲ ಕೇಳಿಸಿಕೊಂಡಳು.

"ಅತ್ತಿಗೆ, ನಮ್ಮಣ್ಣ ನಂಗೊತ್ತಿಲ್ವಾ? ಸ್ಕೂಲಿಗೆ ಹೋಗ್ತೀನಿ ಅಂತ ಹೇಳಿ ಕೆರೆಗೆ ಹೋಗ್ತಿದ್ದ. ಸಂಜೆ ಬಂದು ಪಾಠ ಬೇರೆ ಒಪ್ಪಿಸ್ತಿದ್ದ."

"ಅಂದ್ರೆ?"

"ಅಂದ್ರೆ ಏನಿಲ್ಲ. ನಗರಕ್ಕೇ ಹೋಗ್ತಿದ್ನೋ, ಇನ್ನೆಲ್ಲಿಗೋ. ಹೋದವರ ಮೇಲೆ ಹೇಳ್ಬಾರದು." ಹಾಲಿನ ಪಾತ್ರೆ ಮುಚ್ಚಿ, "ಆದ್ರೂ ಹೇಳ್ದೆ" ಎಂದಳು.

ಅಲ್ಲಿಂದ ಕಾಜಾ ಅಕ್ಕ ಲೆಕ್ಕ ಹಾಕತೊಡಗಿದಳು. ಪ್ರತಿ ಚಳಿಗಾಲ ವಾರಗಟ್ಟಲೆ ಎಲ್ಲಿದ್ದ? ಅಡುಗೆಯವಳೇ ಬಂದು ಹಾಕುತ್ತಾಳೆ ಅನ್ನುತ್ತಿದ್ದ. ಯಾವ ಅಡುಗೆಯವಳು? ಯಾರ ಮನೆಯ ಮೆಟ್ಟಿಲು? ಅಳುವುದಕ್ಕೆ ಕೂತರೆ ಸಿಟ್ಟು ಬರುತ್ತಿತ್ತು, ಬೈಯೋಣವೆಂದರೆ ಅಳು. ಗಂಡ ಸತ್ತವಳಿಗೆ ನೆಟ್ಟಗೆ ಅಳುವ ಭಾಗ್ಯವೂ ಇಲ್ಲದ ಹಾಗಾಯಿತು. ಅಂಗಡಿಯಲ್ಲಿ ಎಡಗಡೆ ಹಾಕಬೇಕಾದ ಕಾಜಾವನ್ನು ಬಲಗಡೆ ಹಾಕಿದಳು.

"ಅಕ್ಕಾ, ಈ ಕೋಟಿಗೆ ಗುಂಡಿ ಎಲ್ಲಿಡ್ಲಿ, ಬೆನ್ನಿಗಾ?" ಎಂದರು ಮಾಸ್ಟರು.

ಆ ಸಂಜೆ ಮನೆಗೆ ಬಂದವಳೇ ಮಗಳಿಗೆ ಹೇಳಿದಳು, "ನಾನೂ ಬರ್ತೀನಿ."

"ಎಲ್ಲಿಗೆ?"

"ನಗರಕ್ಕೆ."

"ಅಮ್ಮ, ಹನಿಮೂನಿಗಾ?"

"ನಿಮ್ಮ ಹನಿಮೂನು ನೀವು ಮಾಡ್ಕೊಳ್ಳಿ. ನಾನು ಆ ಮೆಟ್ಟಿಲು ಇದೆಯೋ ಇಲ್ವೋ ನೋಡ್ಕೊಂಡು ಬಂದ್ಬಿಡ್ತೀನಿ."

ಮಗಳು ಗಂಡನ ಮುಖ ನೋಡಿದಳು. ಅವನು, "ಬನ್ನಿ ಅತ್ತೆ" ಎಂದ. ಬೇಡ ಅನ್ನುವುದು ಹೇಗೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ, ಹೊಸ ಅಳಿಯ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು ಎಂದು ನಾದಿನಿ ಹಾಲು ಕೊಳ್ಳಲು ಬಂದವರಿಗೆಲ್ಲ ಹೇಳಿ ನಕ್ಕಳು. ಮಾಸ್ಟರು, "ರಜೆ ಸರಿ ಅಕ್ಕಾ, ಯಾರ ಹನಿಮೂನು ಅಂತ ಬರ್ಕೊಳ್ಲಿ?" ಎಂದರು.

ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಗೊಂದಲವಾಯಿತು. ನೀವಿಬ್ಬರೂ ಕೂತುಕೊಳ್ಳಿ ಎಂದು ಇವಳು, ನೀನು ಕಿಟಕಿಗೆ ಕೂತ್ಕೋ ಎಂದು ಮಗಳು. ಎಳೆದಾಟದಲ್ಲಿ ತಾಯಿ ಮಗಳು ಒಟ್ಟಿಗೆ ಕೂತರು. ಹನಿಮೂನಿಗೆ ಹೊರಟ ಗಂಡು ಆಚೆ ಸಾಲಿನಲ್ಲಿ ಬ್ಯಾಗು ತಬ್ಬಿಕೊಂಡು ಒಬ್ಬನೇ ಕೂತ.

ನಗರ ತಲುಪಿದ ಸಂಜೆಯೇ ಹೋಟೆಲಿಗೆ ಹೋದರು. ಗಡಿಯಾರ ಇತ್ತು. ಅಮೃತಶಿಲೆ ಇತ್ತು. ಅಳಿಯನ ಹೊಸ ಬೂಟು ಕಚ್ಚುತ್ತಿತ್ತು, ಕುಂಟುತ್ತಿದ್ದ. ಗಾಜಿನ ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಕಾಜಾ ಅಕ್ಕ ಕೇಳಿಯೇಬಿಟ್ಟಳು.

"ಇಲ್ಲಿ ಕಬ್ಬಿಣದ ಮೆಟ್ಟಿಲು ಎಲ್ಲಿದೆಯಪ್ಪ?"

"ಲಿಫ್ಟಿದೆ ಅಮ್ಮಾ, ಮೆಟ್ಟಿಲು ಯಾಕೆ?"

ಲಿಫ್ಟಿನಲ್ಲಿ ಮೇಲೆ ಹೋದರು. ಅಳಿಯ ಒಂದು ಕಿವಿ ಮೇಲಕ್ಕೆ ಕೊಟ್ಟು ಅದರ ಸದ್ದು ಕೇಳುತ್ತ, "ಎಣ್ಣೆ ಬಿಟ್ಟಿಲ್ಲ" ಎಂದ. ಮಗಳು ಅವನ ಮೊಣಕೈ ಚಿವುಟಿದಳು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಇನ್ನೊಂದು ಬಿಳಿ ಬಟ್ಟೆ. ದೂರದಲ್ಲಿ ವೇದಿಕೆ, ಇನ್ನೂ ಖಾಲಿ. ಬಡಿಸುವವನು ಬಂದ.

"ಮೀನಿನ ಸಾರಾ? ನಾನು ಬಂದಾಗಿಂದ ನಮ್ಮ ಮೆನು ಕಾರ್ಡಲ್ಲಿ ಅದು ಇಲ್ಲಮ್ಮ. ಯಾವತ್ತೂ ಇರ್ಲಿಲ್ಲ."

ಯಾವತ್ತೂ ಇರಲಿಲ್ಲ. ಕಾಜಾ ಅಕ್ಕನಿಗೆ ಇನ್ನೇನು ಬೇಕಿತ್ತು? ತಟ್ಟೆ ಬಂದರೂ ಕೈ ಹೋಗಲಿಲ್ಲ.

"ನೀವು ಉಣ್ಣಿ. ನಂಗೆ ಗಾಳಿ ಬೇಕು" ಎಂದು ಎದ್ದು ಕೆಳಗಿಳಿದಳು.

ಹೊರಗೆ ಹೂಕುಂಡದ ಅಂಚಿನಲ್ಲಿ ಕೂತಳು. ಇದ್ದಾಗ ಕೇಳಿದ್ದರೆ ಹೇಳುತ್ತಿದ್ದನೇನೋ. ಈಗ ಯಾರನ್ನು ಕೇಳುವುದು? ಬೂದಿಯನ್ನಾ? ಮಗಳಿಗೆ ಏನು ಹೇಳುವುದು? ನಿಮ್ಮಪ್ಪ ಹೊಸ್ತಿಲ ಮೇಲೆ ಕೂತು ನಮ್ಮಿಬ್ಬರ ಕಿವಿಗೂ ಹೂವಿಟ್ಟ ಎಂದೇ?

ಆಗ ಒಂದು ವ್ಯಾನು ಬಂತು. ಕಾವಲುಗಾರ ಕೈ ಬೀಸಿ ಬೈದ, "ಇಲ್ಲಲ್ಲ, ಇಲ್ಲಲ್ಲ, ನಡೀರಿ ಆಚೆ." ವ್ಯಾನು ಕಟ್ಟಡದ ಪಕ್ಕದ ಓಣಿಗೆ ತಿರುಗಿತು. ಮುಂದೆ ಕೂತ ದಪ್ಪನೆಯ ಆಳು ಇಳಿದು, ಬೆನ್ನಿಗೆ ಎರಡೂ ಕೈ ಕೊಟ್ಟು ಒಮ್ಮೆ ಹಿಂದಕ್ಕೆ ಬಾಗಿ, ಆಮೇಲೆ ಪೆಟ್ಟಿಗೆಗೆ ಕೈ ಹಾಕಿದ. ಪೆಟ್ಟಿಗೆ ಹೊರುವವರೆಲ್ಲ ಹಾಗೇ ಬಾಗುತ್ತಾರೇನೋ. ಗಂಡನೂ ಹಾಗೇ ಬಾಗುತ್ತಿದ್ದ. ಕಾಜಾ ಅಕ್ಕ ಯಾಕೆ ಎದ್ದಳೋ, ಎದ್ದು ಹಿಂದೆ ಹೋದಳು.

ಓಣಿಯಲ್ಲಿ ಕಸದ ಡಬ್ಬಿ, ಅಡುಗೆಮನೆಯ ಬಿಸಿ ಗಾಳಿ, ನೆಲವೆಲ್ಲ ಜಿಡ್ಡು. ಕೊನೆಯಲ್ಲಿ ಕಬ್ಬಿಣದ ಮೆಟ್ಟಿಲು. ಪಕ್ಕದಲ್ಲಿ ಪೀಪಾಯಿ. ನೀಲಿ ಅಲ್ಲ, ಹಸಿರು.

ಪೆಟ್ಟಿಗೆ ಒಳಗಿಟ್ಟು ಬಂದವರು ಮೆಟ್ಟಿಲ ಮೇಲೆ ಕೂತರು. ತಲೆಗೆ ಟವೆಲು ಸುತ್ತಿದ ಮುದುಕಿಯೊಬ್ಬಳು ಪಾತ್ರೆ ಹಿಡಿದು ಬಂದು ಬೋಗುಣಿಗೆ ಸಾರು ಹಾಕತೊಡಗಿದಳು.

"ಮುಂದಿನವರಿಗೆ ಮೀನಿನ ನಡು, ನಮಗೆ ತಲೆ ಬಾಲ. ಬಿಸಾಡಿದ್ರೆ ಪಾಪ ಅಲ್ವಾ?" ಎಂದು ತನ್ನಷ್ಟಕ್ಕೇ ಹೇಳಿ ತಲೆಯೆತ್ತಿದಳು. "ನೀನ್ಯಾರವ್ವ, ಹಾಡೋಳಾ?"

"ಅಲ್ಲ. ಪೆಟ್ಟಿಗೆಯವನ ಹೆಂಡ್ತಿ."

"ಯಾವ ಪೆಟ್ಟಿಗೆಯವನು? ಇಲ್ಲಿಗೆ ಬರೋ ಪೆಟ್ಟಿಗೆಯವರಿಗೆ ಲೆಕ್ಕ ಇಲ್ಲ. ಎಲ್ರಿಗೂ ಸೊಂಟ ನೋವು."

"ಎತ್ತರಕ್ಕಿದ್ರು. ಮಾತು ಜಾಸ್ತಿ. ಎರಡನೇ ಸಲ ಹಾಕಿಸ್ಕೊಳ್ತಿದ್ದಿರ್ಬೇಕು."

"ಎಲ್ರೂ ಎರಡನೇ ಸಲ ಹಾಕಿಸ್ಕೊಳ್ತಾರೆ ತಾಯಿ. ನೆನಪಿಲ್ಲ."

ಮುದುಕಿಗೆ ನೆನಪಿಲ್ಲ ಎಂದು ಕಾಜಾ ಅಕ್ಕನಿಗೆ ದೊಡ್ಡ ಸಮಾಧಾನವಾಯಿತು. ಹಿಂದೆಯೇ ಸಿಟ್ಟು ಬಂತು. ಅಂಥವನನ್ನು ಮರೆಯುವುದೆಂದರೇನು? ಕೈಗೆ ಬೋಗುಣಿ ಬಂತು. ಕೂತು ಕುಡಿದಳು. ಖಾರ ಸರಿ ಇತ್ತು, ಉಪ್ಪು ಒಂದು ಕೈ ಮುಂದು. ಅವನು ಹೊಗಳಿದ ಹೊಗಳಿಕೆಗೆ ಅಂಥದ್ದೇನೂ ಇರಲಿಲ್ಲ. ಆದರೂ ಮುಗಿಸಿದಳು.

ಅಳಿಯ ಹುಡುಕಿಕೊಂಡು ಬಂದ. ಓಣಿಯ ತುದಿಯಲ್ಲಿ ನಿಂತು ಮೆಟ್ಟಿಲು ನೋಡಿದ, ಪೀಪಾಯಿ ನೋಡಿದ, ಹಣೆ ಚಚ್ಚಿಕೊಂಡ.

"ನಾನೆಂಥ ಪೆದ್ದ ಅತ್ತೆ. ಕೆಲಸಕ್ಕೆ ಹೋದಾಗ ನಾನೂ ಹಿಂದಿನ ಬಾಗಿಲಲ್ಲೇ ಹೋಗೋದು. ಮುಂದೆ ಬಿಡ್ತಾರಾ ನಮ್ಮನ್ನ? ಹನಿಮೂನು ಅಂತ ಬೂಟು ಹಾಕಿದ ಕೂಡ್ಲೇ ಮರ್ತೋಯ್ತು."

"ನನ್ನ ಮಗಳೆಲ್ಲಿ?"

"ಮೇಲೆ ಒಬ್ಳೇ ಕೂತು ನಮ್ಮಿಬ್ರನ್ನೂ ಬೈತಿದಾಳೆ."

ಮುದುಕಿ ಅವನ ಕೈಗೂ ಒಂದು ಬೋಗುಣಿ ಕೊಟ್ಟಳು. ಬೂಟು ಬಿಚ್ಚಿ ಅತ್ತೆಯ ಪಕ್ಕ ಕೂತ.

"ಹಿಂದಿನ ಬಾಗಿಲು ಅಂತ ಒಂದು ಮಾತು ಹೇಳ್ಬಾರದಿತ್ತಾ ಅವರು?" ಎಂದಳು.

"ನಾನೂ ಮನೇಲಿ ಹೇಳಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿದ್ದೆ ಅಂತೀನಿ. ಲಿಫ್ಟಿನ ಹೊಂಡಕ್ಕೆ ಇಳಿದಿದ್ದೆ ಅಂತ ಯಾರು ಹೇಳ್ತಾರೆ ಅತ್ತೆ?" ಸಾರು ಹೀರಿದ. "ಅಥವಾ ಮಾವನಿಗೆ ಅದು ಹಿಂದಿನ ಬಾಗಿಲು ಅಂತ ಅನ್ಸೇ ಇಲ್ವೇನೋ."

ನಾಚಿಕೊಂಡು ಮುಚ್ಚಿಟ್ಟನೋ, ಹೊಳೆಯದೆ ಬಿಟ್ಟನೋ. ಎರಡೂ ಅವನಿಗೆ ಹೊಂದುತ್ತಿತ್ತು. ಯಾವುದನ್ನು ನಂಬುವುದು ಎಂದು ಅವಳಿಗೆ ತಿಳಿಯಲಿಲ್ಲ.

ಮೇಲೆ ವಾದ್ಯ ಶುರುವಾಯಿತು. ಕಾಜಾ ಅಕ್ಕ ಮೆಟ್ಟಿಲು ಹತ್ತಿ ಬಾಗಿಲ ಸಂದಿಯಲ್ಲಿ ನೋಡಿದಳು. ಬೆನ್ನುಗಳು. ಪಿಟೀಲು ಹಿಡಿದವಳು ಈಗ ಒಬ್ಬ ಹುಡುಗಿ, ಕತ್ತು ಕಾಣದಷ್ಟು ಕೂದಲು. ಆದರೆ ಹಾಡೇ ಕೇಳಿಸುತ್ತಿರಲಿಲ್ಲ. ಪೆಟ್ಟಿಗೆಗಳ ಬಾಯಿ ಆ ಕಡೆಗೆ. ಈ ಕಡೆಗೆ ಬರೀ ಗುದ್ದು, ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಬಡಿದ ಹಾಗೆ.

ಅವಳು ಬಾಗಿಲು ಹಿಡಿದುಕೊಂಡೇ ನಿಂತಳು. ಮೆಟ್ಟಿಲು ನಿಜ, ಸಾರು ನಿಜ. ಹಾಗಾದರೆ ಹಾಡು? ಪೆಟ್ಟಿಗೆಯ ಬಾಯನ್ನು ತಾನೇ ಆ ಕಡೆಗೆ ತಿರುಗಿಸಿಟ್ಟು ಹಿಂದೆ ಕೂರುತ್ತಿದ್ದವನು ಹೊಸ್ತಿಲ ಮೇಲೆ ಕೂತು ಹಾಡುತ್ತಿದ್ದ ಧಾಟಿ ಎಲ್ಲಿಂದ ತಂದ? ಗುದ್ದು ಮಾತ್ರ ಕೇಳಿ ಮಿಕ್ಕದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದನೇ? ಅದಕ್ಕೆ ಸುಳ್ಳು ಎನ್ನಬೇಕೋ ಬೇರೆ ಏನಾದರೂ ಎನ್ನಬೇಕೋ?

"ಬನ್ನಿ ಅತ್ತೆ, ಮುಂದೆ ಚೆನ್ನಾಗಿ ಕೇಳುತ್ತೆ."

"ನೀವು ಹೋಗಿ. ಅವಳೊಬ್ಬಳೇ ಇದಾಳೆ. ಹನಿಮೂನಿಗೆ ಬಂದು ಅತ್ತೆ ಜೊತೆ ಕೂತಿದೀರಿ."

ಅವನು ಬೂಟು ಕೈಯಲ್ಲಿ ಹಿಡಿದುಕೊಂಡು ಹೋದ. ಅವಳು ಆ ಗುದ್ದಿಗೆ ಗಂಡನ ಧಾಟಿಯನ್ನು ಮನಸ್ಸಿನಲ್ಲೇ ಕೂರಿಸಿ ನೋಡಿದಳು. ಒಮ್ಮೆ ಕೂತ ಹಾಗಾಯಿತು. ಒಮ್ಮೆ ಜಾರಿತು. ಮತ್ತೆ ಕೂತಿತು. ಫೋನು ಹೊಡೆದುಕೊಂಡಿತು. ಮಗಳು.

"ಅಮ್ಮ, ಎಲ್ಲಿದೀಯ? ಬೇಗ ಬಾ. ಅಪ್ಪ ಹಾಡ್ತಿದ್ದದ್ದೇ ಅನ್ಸುತ್ತೆ, ಬಾ ಬೇಗ."

ಕಾಜಾ ಅಕ್ಕ ಇಳಿದಳು. ಓಣಿಯ ಜಿಡ್ಡಿನಲ್ಲಿ ಜಾರಿ ಸಾವರಿಸಿಕೊಂಡಳು. ಕಾವಲುಗಾರ ಗಾಜಿನ ಬಾಗಿಲು ತೆಗೆಯುವ ಮೊದಲೇ ತಾನೇ ತಳ್ಳಿದಳು. ಲಿಫ್ಟು ಕೆಳಗೆ ಬರುವುದಕ್ಕೆ ತನ್ನ ಕಾಲ ತೆಗೆದುಕೊಂಡಿತು. ಮೇಲೆ ಬಾಗಿಲು ತೆರೆಯುವ ಹೊತ್ತಿಗೆ ಹಾಡು ಮುಗಿದಿತ್ತು.

ಮೇಜುಗಳ ನಡುವೆ ನುಗ್ಗಿ ಹೋದಳು. "ಅದೇನಾ?"

ಮಗಳ ಕಣ್ಣು ಒದ್ದೆಯಾಗಿತ್ತು. "ಅದೇ ಅನ್ಸಿತು. ಮಧ್ಯದಲ್ಲಿ ಬೇರೆ ಥರ ಆಯ್ತು. ಗೊತ್ತಿಲ್ಲಮ್ಮ. ನೀನಿದ್ದಿದ್ರೆ ಹೇಳ್ತಿದ್ದೆ."

"ಏನು ಹೇಳ್ತಿದ್ದೆನೋ" ಎಂದಳು ಕಾಜಾ ಅಕ್ಕ.

ಜನ ಚಪ್ಪಾಳೆ ತಟ್ಟುತ್ತಿದ್ದರು. ವೇದಿಕೆಯ ಮೇಲಿನವರು ಎದ್ದು ಬಾಗಿದರು. ಅವಳು ಕೂರುವುದನ್ನೂ ಮರೆತು ನಿಂತಲ್ಲೇ ತಾನೂ ತಟ್ಟತೊಡಗಿದಳು, ಯಾವುದಕ್ಕೆಂದು ತಿಳಿಯದೆ, ಸಾರಿನ ವಾಸನೆಯ ಕೈಯಲ್ಲಿ.