ಬಾಡಿಗೆ ಮನೆಗೊಬ್ಬ ಗಂಡ

ನನ್ನ ಕಥೆಗಳಲ್ಲಿ ಗಂಡಸರಿಗೆ ಜೀವವೇ ಇರುವುದಿಲ್ಲ ಎಂದು ಸಂಪಾದಕರೊಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. "ಅವನ ಚಪ್ಪಲಿ ಎಂಥದ್ದು, ಊಟದಲ್ಲಿ ಏನು ಬಿಡ್ತಾನೆ, ಎಲ್ಲಿ ನೋವು, ಮೊದಲು ಅದನ್ನ ಹೇಳಮ್ಮ. ಬರೀ ಒಳ್ಳೆಯವನು ಅಂದ್ರೆ ಯಾರು ನಂಬ್ತಾರೆ?" ಅಂದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಆ ಪಾಠ ಕಥೆಗೆ ಒದಗಲಿಲ್ಲ, ಮನೆ ಹುಡುಕುವಾಗ ಒದಗಿತು.

ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ವಯಸ್ಸು ನಲವತ್ತರ ಹತ್ತಿರ, ಮದುವೆಯ ಗೊಡವೆಗೆ ಹೋದವಳಲ್ಲ. ಪಿ.ಜಿ.ಯ ನೀರು ಸಾರು ತಿಂದು ತಿಂದು, ನನ್ನದೇ ಒಂದು ಅಡುಗೆಮನೆ ಸಿಕ್ಕರೆ ಸಾಕಪ್ಪಾ ಅನ್ನಿಸಿತ್ತು. ಬಸವೇಶ್ವರನಗರ, ನಂದಿನಿ ಲೇಔಟ್, ಎಲ್ಲ ಕಡೆ ಸುತ್ತಿದೆ. ಬೋರ್ಡು ನೋಡಿ ಗೇಟು ತಟ್ಟಿದರೆ ಒಂದೇ ಪ್ರಶ್ನೆ: "ಫ್ಯಾಮಿಲಿನಾ?" ಒಬ್ಬಳೇ ಎಂದ ಕೂಡಲೇ ಆ ಮನೆ ಅದಾಗಲೇ ಯಾರಿಗೋ ಕೊಟ್ಟಾಗಿರುತ್ತಿತ್ತು. ಆರ್‌ಪಿಸಿ ಲೇಔಟಿನ ಗೇಟಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. "ಹೂಂ, ಫ್ಯಾಮಿಲಿನೇ. ನಮ್ಮನೆಯವ್ರು ಚಿತ್ರದುರ್ಗದ ಹತ್ರ ಗಾಳಿ ಕರೆಂಟಿನ ಕಂಪನಿಲಿದಾರೆ. ಗಾಳಿ ಜೋರಾಗಿದ್ರೆ ರಜೆ ಕೊಡಲ್ಲ" ಅಂದುಬಿಟ್ಟೆ. ಬೀಗದ ಕೈ ಅವತ್ತೇ ಸಿಕ್ಕಿತು.

ಹೇಳಿದ ಮೇಲೆ ಅವನನ್ನು ಸಾಕಬೇಕಲ್ಲ. ವಿಜಯನಗರದ ಫುಟ್‌ಪಾತಿನಲ್ಲಿ ಒಂಬತ್ತನೇ ನಂಬರಿನ ಗಂಡಸರ ಚಪ್ಪಲಿ ಕೊಂಡೆ. ಹೊಸದಾಗಿ ಹೊಳೆಯುತ್ತಿತ್ತು. ಭಾನುವಾರ ನಾನೇ ಅದನ್ನು ಮೆಟ್ಟಿಕೊಂಡು ತಾರಸಿಯ ಸಿಮೆಂಟಿನ ಮೇಲೆ ಓಡಾಡಿ ಸವೆಸಿದೆ. ಎಡಗಡೆಯದು ಜಾಸ್ತಿ ಸವೆದಿದ್ದರಿಂದ ಅವನಿಗೆ ಮಂಡಿ ನೋವು ಎಂದಾಯಿತು. ಚೌಕಳಿ ಲುಂಗಿ, ನೀಲಿ ಶರಟು, ಬನಿಯನ್ನು ತಂತಿಗೆ ಬಂದವು. ಬನಿಯನ್ನಿಗೆ ಕಂಕುಳ ಹತ್ತಿರ ಕತ್ತರಿಯಿಂದ ಒಂದು ತೂತು ಮಾಡಿದೆ. ತೂತಿಲ್ಲದ ಬನಿಯನ್ನಿನ ಗಂಡನನ್ನು ಯಾರು ನಂಬುತ್ತಾರೆ! ಬದನೆಕಾಯಿ ಕಂಡರಾಗದು, ಸಿಟ್ಟು ಬಂದರೆ ಮಾತು ಬಿಡುತ್ತಾನೆ, ರಾತ್ರಿ ಕೊನೇ ಬಸ್ಸಿಗೆ ಬಂದು ಬೆಳಕು ಹರಿಯುವ ಮುಂಚೆ ಹೊರಟುಬಿಡುತ್ತಾನೆ, ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದ.

ಓನರ್ ಆಂಟಿ ಅವನನ್ನು ಬಲು ಹಚ್ಚಿಕೊಂಡರು. ಹಬ್ಬಕ್ಕೆ ಒಬ್ಬಟ್ಟು ಕೊಡುವಾಗ "ಇದು ಸಾರ್‌ಗೆ, ತೆಗೆದಿಡಿ" ಎಂದು ಬೇರೆ ಮಾಡಿ ಕೊಡುತ್ತಿದ್ದರು. ಬಾಗಿಲು ಹಾಕಿಕೊಂಡು ಅವನ ಪಾಲನ್ನೂ ನಾನೇ ನುಂಗುತ್ತಿದ್ದೆ. ಒಂದು ದಿನ ತಂತಿಯ ಮೇಲಿನ ಶರಟು ಹಿಡಿದು, "ಕಾಲರ್ ಸರಿಯಾಗಿ ಉಜ್ಜೋದಲ್ವೇನಮ್ಮ? ಪಾಪ, ಅವ್ರು ಏನೂ ಅನ್ನಲ್ಲ ಅಂತ ಹಿಂಗಾ?" ಎಂದು ಬೈದರು. ಓನರ್ ಅಂಕಲ್ ಬೆಳಿಗ್ಗೆ ಗೇಟಿನ ಮುಂದಿನ ಹೊಂಗೆ ಮರ ನೋಡಿ, "ಇವತ್ತು ಒಂದೆಲೆನೂ ಅಲ್ಲಾಡ್ತಿಲ್ಲ. ಸಾರ್ ಬರಬಹುದು" ಎನ್ನುತ್ತಿದ್ದರು. ಮೇಲಿನ ಮನೆಯಾಕೆ ಒಮ್ಮೆ ತಡೆದು, "ನಿಮ್ಮನೆಯವ್ರನ್ನ ಮೆಟ್ರೋ ಹತ್ರ ನೋಡ್ದೆ, ತುಂಬಾ ಇಳಿದುಹೋಗಿದಾರೆ" ಅಂದರು. "ಅಲ್ಲಿ ಊಟ ಸರಿಯಿಲ್ಲ" ಎಂದು ನಾನೂ ಮರುಗಿದೆ. ದೇವರಾಣೆ, ಮರುಗಿದ್ದು ನಿಜ.

ಆ ಅಡುಗೆಮನೆಯ ಕಿಟಕಿಗೆ ಎಳೆಬಿಸಿಲು ಬೀಳುತ್ತಿತ್ತು. ಅಲ್ಲಿ ಕಾಫಿ ಲೋಟ ಹಿಡಿದು ನಿಂತರೆ ಸಾಕು, ನನಗೆ ಇನ್ನೇನೂ ಬೇಡವಾಗುತ್ತಿತ್ತು. ಮತ್ತೆ ಗೇಟಿಂದ ಗೇಟಿಗೆ ಅಲೆಯುವ ಶಕ್ತಿಯಂತೂ ಇರಲಿಲ್ಲ.

ಮೊನ್ನೆ ಸಂಜೆ ಕೆಲಸದಿಂದ ಬಂದಾಗ ಅಂಕಲ್ ಗೇಟಿನಲ್ಲೇ ಕಾಯುತ್ತಿದ್ದರು.

"ನಮ್ಮ ತಂಗಿ ಮಗಳು ಈ ಕಡೆಗೆ ಬರ್ತಿದಾಳಮ್ಮ. ಮುಂದಿನ ತಿಂಗಳು ಮನೆ ಖಾಲಿ ಮಾಡ್ಕೊಡಿ."

"ಇದ್ದಕ್ಕಿದ್ದ ಹಾಗೆ ಅಂದ್ರೆ ಹೇಗೆ ಅಂಕಲ್? ನಾನು ಎಲ್ಲಿಗೆ ಹೋಗ್ಲಿ?"

"ಸಾರ್ ಹತ್ರ ಮಾತಾಡಿ ಆಯ್ತಲ್ಲ. ಒಪ್ಕೊಂಡಿದಾರೆ."

"ಯಾವಾಗ?"

"ಬೆಳಿಗ್ಗೆ ನೀವು ಹೋದ್ಮೇಲೆ ಬಂದಿದ್ರು. ಇಲ್ಲೇ ವರಾಂಡದಲ್ಲಿ ಕೂತು ಕಾಫಿ ಕುಡಿದ್ರು. ಎಷ್ಟು ಸಮಾಧಾನದ ಮನುಷ್ಯ ಅಂತೀನಿ!"

ಹಿಂದೆ ನಿಂತಿದ್ದ ಆಂಟಿ ಹೌದೆಂದು ತಲೆಯಾಡಿಸಿದರು. ಇಬ್ಬರ ಮುಖವನ್ನೂ ನೋಡಿದೆ. ಒಬ್ಬರಲ್ಲೂ ನಗುವಿರಲಿಲ್ಲ. ಅವನು ಬರಲು ಸಾಧ್ಯವೇ ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಹಾಗಂದಿದ್ದರೆ, ಇಷ್ಟು ವರ್ಷ ಸುಳ್ಳು ಹೇಳಿದವಳೆಂದು ಅವತ್ತೇ ಹೊರಗೆ ಹಾಕುತ್ತಿದ್ದರು.

"ನನ್ನನ್ನೂ ಒಂದು ಮಾತು ಕೇಳಬಹುದಿತ್ತು. ಈ ಮನೇಲಿರೋಳು ನಾನು" ಅಂದೆ.

"ಯಜಮಾನ್ರೇ ಆಗ್ಲಿ ಅಂದ್ಮೇಲೆ ನಿಮ್ಮನ್ನ ಇನ್ನೇನು ಕೇಳೋದಮ್ಮ?" ಅಂಕಲ್‌ಗೆ ನಿಜಕ್ಕೂ ಅಚ್ಚರಿಯಾಗಿತ್ತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಂಕಲ್ ಮೇಲೆ ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಅವನ ಮೇಲೆ. ಅಷ್ಟು ಕಷ್ಟಪಟ್ಟು ಸಾಕಿದ್ದೆ, ನನಗೊಂದು ಮಾತೂ ಹೇಳದೆ ಮನೆ ಬಿಟ್ಟುಕೊಟ್ಟನಲ್ಲ ಮಹಾನುಭಾವ!