ಹಿಂಡು ಕರೆಯುತ್ತಿದ್ದ ಮಗಳು

ಈಚೆಗೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಕೊಯ್ದ ಭತ್ತದ ಗದ್ದೆಯಲ್ಲಿ ಕುರಿಗಳು ಬಿಸಿಲಿನೊಳಗೆ ಕರಗುವಂತೆ ಸರಿಯುತ್ತವೆ. ಬದುವಿನ ಮೇಲೆ ಮಗಳು ನಿಂತಿರುತ್ತಾಳೆ. ಬಾಯಿ ತೆರೆಯುತ್ತಾಳೆ, ದನಿ ಕೇಳಿಸುವುದಿಲ್ಲ. ಎಚ್ಚರವಾಗುತ್ತದೆ.

ಆ ದನಿ ನಿಲ್ಲಿಸಿದವನು ನಾನೇ.

ನಮ್ಮದು ದೇವದುರ್ಗದ ಕಡೆಯ ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಪೋತ್ನಾಳದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸುತ್ತಿದ್ದೆವು. ಶಾಲೆಗೆ ರಜೆ ಬಂದರೆ ಮಗಳೂ ಜೊತೆಗಿರುತ್ತಿದ್ದಳು. ಹಿಂಡು ಕರೆಯುವ ಕೂಗನ್ನು ನಾನೇ ಕಲಿಸಿದ್ದೆ. ಅಂಗೈ ಕಿವಿಗಿಟ್ಟು, ಹೊಟ್ಟೆಯಿಂದ ಎಳೆದು, ಕೊನೆಗೆ ಸಣ್ಣಗೆ ತಿರುವಬೇಕು. ನನಗಿಂತ ಚೆನ್ನಾಗಿ ಕೂಗುತ್ತಿದ್ದಳು. ದೂರ ಚದುರಿದ ಕುರಿಗಳು ತಲೆಯೆತ್ತಿ ಅವಳ ಕಡೆಗೇ ಹರಿದು ಬರುತ್ತಿದ್ದವು.

ಅವಳು ದೊಡ್ಡವಳಾದ ವರ್ಷ, ದಾರಿಯಲ್ಲಿ ಹೋಗುತ್ತಿದ್ದ ನಮ್ಮವರೊಬ್ಬರು ನಿಂತು ನಕ್ಕರು. "ಯಾರ ಮಗಳಲೇ ಇದು? ನಾಕ್ ಊರಿಗಿ ಕೇಳಂಗ ಒದರಾಕತ್ತದ! ಇಂಥಾಕಿನ್ನ ಯಾರ್ ಮಾಡ್ಕೊಂತಾರ?"

ನಾನೂ ನಕ್ಕೆ. ಅವರು ಹೋದ ಮೇಲೆ ಮಗಳಿಗೆ ಹೇಳಿದೆ. "ಇನ್ ಕೂಗಬ್ಯಾಡ. ದೊಡ್ಡಾಕಿ ಆಗೀದಿ. ಮೆಲ್ಲಕ ಮಾತಾಡು."

"ಕುರಿ ಹೆಂಗ ಬರ್ತಾವ ಯಪ್ಪಾ?"

"ನಾ ಕರೀತೀನಿ."

ಎಷ್ಟೋ ಸಂಜೆ ನನ್ನ ಕೂಗಿಗೆ ಕದಲದೆ ಕುರಿಗಳು ಅವಳತ್ತಲೇ ಮುಖ ಮಾಡಿ ನಿಂತವು. ಅವಳು ತಲೆ ಎತ್ತಲಿಲ್ಲ.

ಮುಂದೆ ರಾಯಚೂರಿನಲ್ಲಿ ಟೀಚರ್ ತರಬೇತಿಗೆ ಸೇರಿದಳು. ಪಾಠ ಹೇಳುವಾಗ ದನಿ ಹಿಂದಿನ ಬೆಂಚಿಗೆ ಮುಟ್ಟಲಿಲ್ಲವಂತೆ. ಅರ್ಧಕ್ಕೇ ಬಿಟ್ಟು ಬಂದಳು. ಮಾನ್ವಿಗೆ ಮದುವೆ ಮಾಡಿಕೊಟ್ಟೆ. "ಸೊಸಿ ಮನ್ಯಾಗ ಅದಾಳೋ ಇಲ್ಲೋ ಗೊತ್ತ ಆಗಂಗಿಲ್ಲ ನೋಡ್ರಿ," ಎಂದು ಬೀಗರು ಹೊಗಳಿದರು. ನಾನು ಹೆಮ್ಮೆಯಿಂದ ಎಲೆ ಅಡಿಕೆ ಹಾಕಿಕೊಂಡೆ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಹದಿಮೂರರ ಮೊಮ್ಮಗಳು ಮಾಳಿಗೆಯ ಮೇಲಿಂದ ಗೆಳತಿಯನ್ನು ಜೋರಾಗಿ ಕರೆದಳು. ಮಗಳು ಅಡುಗೆಮನೆಯಿಂದ ಓಡಿ ಬಂದಳು. "ಮೆಲ್ಲಕ ಮಾತಾಡು. ದೊಡ್ಡಾಕಿ ಆಗೀದಿ."

ನನ್ನವೇ ಮಾತುಗಳು.

"ಕೂಗ್ಲಿ ಬಿಡವ್ವಾ," ಎಂದೆ. "ನಿನ್ನ ಬಾಯಿ ಮುಚ್ಚಿಸಿ ನಾ ತಪ್ಪು ಮಾಡೀನಿ."

ಮಗಳು ನನ್ನತ್ತ ತಿರುಗಿದಳು. "ಈಗ ಹೇಳ್ತೀಯೇನು ಯಪ್ಪಾ?" ಎಂದಳು. ಅದೂ ಮೆಲ್ಲಗೆ.

ಮೇಲಿನಿಂದ ಮೊಮ್ಮಗಳು ಕೇಳಿದಳು, "ಯವ್ವಾ, ಕೂಗ್ಲೋ ಬ್ಯಾಡೋ?"

ಮಗಳ ಅಂಗೈ ಕಿವಿಯ ತನಕ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತು, ಇಳಿಯಿತು.

"ಕೂಗು," ಎಂದಳು. "ಗಂಟಲಿಂದ ಅಲ್ಲ, ಹೊಟ್ಟಿಯಿಂದ ಕೂಗು."